ವಿಭೂತಿ ಇಲ್ಲದ ಬಟನ್

"ಇನ್ನೊಮ್ಮೆ ಒತ್ತಲೇನ್ರಿ ಮೇಡಂ?"

"ಒತ್ತು."

ಕಾನ್‌ಸ್ಟೇಬಲ್ ಪಕ್ಕೀರಪ್ಪ ದಿಂಬಿನ ಮಗ್ಗುಲಲ್ಲಿದ್ದ ಕೆಂಪು ಬಟನ್ ಒತ್ತಿದ. ಹಿಂದಿನ ಅಡುಗೆಮನೆಯಲ್ಲಿ ಗಂಟೆ ಹೊಡೆದುಕೊಂಡಿತು. ಶಾಲೆ ಬಿಟ್ಟ ಹಾಗೆ.

"ಕೇಳಿತಲ್ರಿ?" ಗುರುಸಂಗಪ್ಪ ಬಾಗಿಲಿಗೆ ಒರಗಿ ನಿಂತಿದ್ದ. "ಓಣಿಗೆಲ್ಲ ಕೇಳತೈತಿ. ಒಲಿ ಮುಂದ ಕುಂತಾಕಿಗೆ ಕೇಳಿಲ್ಲ ಅಂದ್ರ ನಾವು ನಂಬಬೇಕೇನ್ರಿ?"

ನಂಬಬೇಕಾಗಿಲ್ಲ. ನನ್ನ ತೊಂದರೆಯೇ ಅದು.

ಸೋಮವಾರ ಮಧ್ಯಾಹ್ನ ಈ ಹಾಸಿಗೆಯ ಮೇಲೆ ಗುರುಸಂಗಪ್ಪನ ಹೆಂಡತಿ ಗಂಗಾಂಬಿಕಾ ಸತ್ತಳು. ಗಂಟಲಲ್ಲಿ ಕಫ ಸಿಕ್ಕಿ ಉಸಿರು ಕಟ್ಟಿತ್ತು. ಲಕ್ವ ಹೊಡೆದ ಮೇಲೆ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ, ದನಿಯೂ ಮಂಚ ದಾಟುತ್ತಿರಲಿಲ್ಲ. ಮುಖ ಹೊರಳಿಸಿ ಗದ್ದದಿಂದ ಈ ಬಟನ್ ಒತ್ತಿದರೆ ಅಡುಗೆಮನೆಯಲ್ಲಿ ಗಂಟೆ. ಅವಳು ಕೂಗುವುದು ಅಂದರೆ ಅಷ್ಟೇ. ನೋಡಿಕೊಳ್ಳುವ ಮಾರೆಮ್ಮ ಆಗ ಅಡುಗೆಮನೆಯಲ್ಲೇ ಇದ್ದಳು. ಗಂಟೆ ಹೊಡೆಯಲೇ ಇಲ್ಲ ಅನ್ನುತ್ತಾಳೆ. ಗಂಟೆ ನೋಡಿದರೆ ಯಾರು ಒತ್ತಿದರೂ ಹೊಡೆಯುತ್ತದೆ.

ಮಾರೆಮ್ಮ ಬೇಕಂತಲೇ ಸಾಯಲು ಬಿಟ್ಟಳು ಅಂತ ಗುರುಸಂಗಪ್ಪ ದೂರು ಬರೆಸಿಕೊಟ್ಟಿದ್ದ. ಇವತ್ತು ಸಂಜೆಯೊಳಗೆ ಕೊಟ್ಟೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಯಶೋಧಾ, ಅಂದರೆ ನಾನು, ಮಾರೆಮ್ಮನನ್ನು ಕೂಡ್ಲಿಗಿಗೆ ಒಯ್ದು ಜಡ್ಜ್ ಮುಂದೆ ನಿಲ್ಲಿಸಬೇಕು. ಆಮೇಲೆ ಅವಳು ಬಳ್ಳಾರಿ ಜೈಲು.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸುತ್ತಿಲ್ಲ. ಈ ಕೇಸು ಕೈಗೆ ಬಂದಾಗಿನಿಂದ ಎದೆಯೊಳಗೆ ಏನೂ ಮಿಸುಕುತ್ತಿಲ್ಲ. ಸಿಟ್ಟು ಮಾತ್ರ ಬರುತ್ತದೆ, ಅದೂ ಬಾಯಲ್ಲಿ.

"ಪಕ್ಕೀರಪ್ಪ, ಆಟ ಸಾಕು. ಕೈ ತಗಿ."

ಕೂರಲು ಬೇರೆ ಕುರ್ಚಿ ಇಲ್ಲದೆ ನಾನು ಸತ್ತವಳ ಗಾಲಿಕುರ್ಚಿಯಲ್ಲಿ ಕೂತಿದ್ದೆ. ಗಾದಿ ತೊಡೆಗೆ ಗಂಟುಗಂಟಾಗಿ ಒತ್ತುತ್ತಿತ್ತು. ಇದರಲ್ಲಿ ಆಕೆ ದಿನವಿಡೀ ಹೇಗೆ ಕೂರುತ್ತಿದ್ದಳೋ ಪುಣ್ಯಾತ್ಗಿತ್ತಿ. ಮನೆಯ ಮುಂಭಾಗ ಗುರುಸಂಗಪ್ಪನ ಪೈಪು, ಮೋಟರಿನ ಅಂಗಡಿ. ಪೈಪು ಅಂಟಿಸುವ ಸಲ್ಯೂಷನ್ ವಾಸನೆ ದೇವರ ಕೋಣೆಯವರೆಗೂ ಬರುತ್ತದೆ. ಈ ಮನೆಗೆ ಬಂದಾಗಲೆಲ್ಲ ನನಗೆ ತಲೆನೋವು.

"ಅಂಗಡಿಗೂ ಒಂದು ಗಂಟಿ ಹಾಕಿಸಬೇಕಿತ್ತಲ್ಲ?" ಅಂದೆ.

"ಇದನ್ನ ಮಾಡಿಕೊಟ್ಟ ಮೌನೇಶ ಹಾಕ್ತೀನಿ ಅಂದಿದ್ದರಿ. ಗಿರಾಕಿ ಕುಂತಿರ್ತಾರ, ಮ್ಯಾಲಿಂದ ಮ್ಯಾಲ ಹೊಡಕೊಂಡ್ರ ಕಿರಿಕಿರಿ. ಬ್ಯಾಡ ಅಂದೆ."

ಇಷ್ಟನ್ನು ಅವನು ಚಹಾ ಬೇಡ ಅಂದ ಹಾಗೆ ಹೇಳಿದ.

ಮಗಳು ಶಿವಲೀಲಾ ಒಳಗೆ ಬಂದು ನನ್ನ ಮುಂದೆ ಚಹಾ ಇಟ್ಟಳು. ಹಡಗಲಿಯಲ್ಲಿ ಬಿ.ಎಡ್ ಓದುತ್ತಾಳೆ, ರಜೆಗೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಕಣ್ಣು ಊದಿತ್ತು. "ಅಜ್ಜಿಗೆ ಭಾಳ ಕೇಳಬ್ಯಾಡ್ರಿ ಮೇಡಂ, ಬಿಪಿ ಐತಿ" ಅಂದು ಹೊರಟಳು.

ಅಜ್ಜಿ ಕೊಟ್ರಬಸಮ್ಮ ಮಂಚದ ಕಾಲ ಬಳಿ ಕೂತು ಸೊಸೆಯ ದಿಂಬು ಸವರುತ್ತಿದ್ದರು. ಈ ಮನೆಯಲ್ಲಿ ಅವರ ಮೂರು ಬೆರಳು ಮುಟ್ಟದ ವಸ್ತುವಿಲ್ಲ. ಫ್ರಿಜ್ಜಿನ ಮೇಲೆ ವಿಭೂತಿ, ಗ್ಯಾಸ್ ಸಿಲಿಂಡರಿನ ಮೇಲೆ ವಿಭೂತಿ, ಗಾಲಿಕುರ್ಚಿಯ ಹಿಡಿಕೆಗೆ ವಿಭೂತಿ. ಗಂಟೆಯ ಡಬ್ಬಿಗೂ ಮೂರು ಗೆರೆ.

"ಎಲ್ಲಾ ನೀವ ಹಚ್ಚಿದ್ದೇನಮ್ಮಾ?"

"ಹೂಂ ತಾಯಿ. ಸ್ವಾಮಾರ ಸ್ವಾಮಾರ ನಾನ ಹಚ್ಚತೀನಿ. ನೀರಾಗ ಕಲಸಿ."

"ಈ ಬಟನ್‌ಗೂ?"

"ಅದಕ್ಕ ಮೊದ್ಲು." ಮುದುಕಿಯ ಮುಖ ಒಂದಿಷ್ಟು ಅರಳಿತು. "ಅಕಿ ಜೀವ ಅದರಾಗ ಇತ್ತಲ್ಲವ್ವಾ. ದಪ್ಪಗ ಹಚ್ಚಿ ಒಂದು ಸಲ ಒತ್ತತಿದ್ದೆ. ಗಂಟಿ ಹೊಡೀತಿತ್ತು. ಪೂಜಿಗೆ ಗಂಟಿನೂ ಆತು ಬಿಡ್ರಿ ಅತ್ತಿ ಅಂತ ನಗತಿದ್ಲು ಗಂಗಾ."

"ಈ ಸ್ವಾಮಾರ?"

"ಈ ಸ್ವಾಮಾರಾನೂ ಹಚ್ಚಿದೆ, ಒತ್ತಿದೆ, ಹೊಡೀತು. ಮಧ್ಯಾಹ್ನಕ್ಕ ಅಕಿನ ಇಲ್ಲ."

ಚಹಾ ಲೋಟ ಕೆಳಗಿಟ್ಟೆ. ಕೆಂಪು ಬಟನ್ ಕೈಗೆತ್ತಿಕೊಂಡು ಕಿಟಕಿಗೆ ಹಿಡಿದೆ.

ಹೋಳಿಗೆ ಹಿಟ್ಟಿನ ಉಂಡೆ ತಟ್ಟಿದಷ್ಟು ಅಗಲ, ಪ್ಲಾಸ್ಟಿಕ್ಕು, ತುದಿಗೆ ಇಯರ್‌ಫೋನಿನಂಥ ಪಿನ್ ಇರುವ ವೈರು. ಮೇಲೆಲ್ಲ ಸ್ವಚ್ಛ. ಸೋಮವಾರ ಸಾವಿನ ಸುದ್ದಿ ಬಂದಾಗ ನಾನೇ ಬಂದು ಜಪ್ತಿ ಮಾಡಿ, ಚೀಲದಲ್ಲಿ ಹಾಕಿ ಸೀಲ್ ಒತ್ತಿದ್ದೆ. ಇವತ್ತು ಗಂಟೆ ಪರೀಕ್ಷೆಗೆ ಅಂತ ಪಂಚರ ಮುಂದೆ ಬಿಚ್ಚಿದ್ದೇನೆ. ನಡುವೆ ಯಾರೂ ಒರೆಸಿಲ್ಲ.

ಹಾಗಿದ್ದರೆ ವಿಭೂತಿ ಎಲ್ಲಿ?

ತಲೆಗೂದಲಿನ ಪಿನ್ನು ತೆಗೆದು ಬಟನ್ ಸುತ್ತಲಿನ ಸಂದಿಯಲ್ಲಿ ಆಡಿಸಿದೆ. ಬಿಳಿ ಬೂದಿ ಒಂದು ಕಣವೂ ಬರಲಿಲ್ಲ. ಹಳದಿ ಪುಡಿ ಬಂತು. ಪುಡಿಯ ಜೊತೆ ಒಂದು ಕರೀ ಎಳೆ, ಸುರುಳಿ ಸುತ್ತಿದ್ದು.

"ಅರಿಶಿಣ ಇರಬೇಕು ಬಿಡ್ರಿ" ಅಂದ ಗುರುಸಂಗಪ್ಪ. "ಯಾರ ಮನ್ಯಾಗ ಇರಲ್ಲ?"

ಅರಿಶಿಣ ಎಲ್ಲರ ಮನೆಯಲ್ಲೂ ಇರುತ್ತದೆ. ಕುರಿಯ ಉಣ್ಣೆ ಅಂಟಿದ ಅರಿಶಿಣ ಇರುವುದಿಲ್ಲ. ನಾನು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ನಾನು ಕೆಲಸಕ್ಕೆ ಸೇರಿದ ದಿನ ನಮ್ಮವ್ವ ನನ್ನ ಲಾಠಿಗೂ ಮೈಲಾರಲಿಂಗನ ಭಂಡಾರದ ಅರಿಶಿಣ ಹಚ್ಚಿ ಕಳಿಸಿದ್ದಳು. ಮನೆಗೆ ಹೊಸದಾಗಿ ಏನು ಬಂದರೂ ಕಂಬಳಿ ಹಾಸಿ, ಅದರ ಮೇಲಿಟ್ಟು, ಭಂಡಾರ ಹಾಕುವವರು ನಾವು.

ಇದು ಗಂಗಾಂಬಿಕಾಳ ಬಟನ್ ಅಲ್ಲ. ಸೋಮವಾರ ಬೆಳಿಗ್ಗೆ ಅತ್ತೆ ವಿಭೂತಿ ಹಚ್ಚಿದ್ದು ಬೇರೆ ಬಟನ್‌ಗೆ. ಮಧ್ಯಾಹ್ನ ನಾನು ಜಪ್ತಿ ಮಾಡಿದ್ದು ಬೇರೆ ಬಟನ್ನನ್ನ. ನಡುವೆ ಯಾರೋ ಅದಲು ಬದಲು ಮಾಡಿದ್ದಾರೆ. ಮೊದಲನೆಯದು ಕೆಟ್ಟಿತ್ತು ಅಂತಾದರೆ ಮಾರೆಮ್ಮ ಹೇಳಿದ್ದೇ ನಿಜ. ಅವಳನ್ನು ಸಿಕ್ಕಿಸಲಿಕ್ಕೆ ಒಳ್ಳೆಯ ಬಟನ್ ತಂದು ಇಟ್ಟವರು ಯಾರು?

ಮಾತಾಡದೆ ಹೊರಗೆ ಬಂದು ಹಗರಿಬೊಮ್ಮನಹಳ್ಳಿಗೆ ಫೋನು ಹಚ್ಚಿದೆ. ಈ ಬಟನ್ ಮಾಡಿಕೊಟ್ಟ ಮೌನೇಶ ಅಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾನೆ.

"ಇಂಥಾದ್ದು ಇನ್ನೊಂದು ಯಾರಿಗೆ ಕೊಟ್ಟೀಯಪ್ಪ?"

"ಯಾಕ್ರಿ ಮೇಡಂ?" ಅವನ ದನಿ ಸಣ್ಣದಾಯಿತು.

"ಕೇಳಿದ್ದಕ್ಕ ಹೇಳು."

"ಹಲವಾಗಲಾಗ ಐತ್ರಿ. ಬೀರಲಿಂಗೇಶ ಅಂತ, ಕುರಿಯೋರ ಹುಡುಗ. ಎರಡೂ ಕೂಡೇ ಮಾಡಿದ್ದೆ."

* * *

ಹರಪನಹಳ್ಳಿ ದಾಟಿ ಹಲವಾಗಲು ಮುಟ್ಟುವ ತನಕ ಪಕ್ಕೀರಪ್ಪ ಬಾಯಿ ಮುಚ್ಚಲಿಲ್ಲ. "ಪಾಪ ಮಾರೆಮ್ಮ ಬಿಡುಗಡೆ ಆಗ್ತಾಳಲ್ರಿ ಮೇಡಂ?" ಅಂತ ಮೂರ್ನಾಲ್ಕು ಸಲ ಕೇಳಿದ. ಆಗಬಹುದು ಅಂದೆ. ಹಾಗಂದಾಗಲೂ ಒಳಗೆ ಏನೂ ಆಗಲಿಲ್ಲ. ಜೀಪಿನ ಚಕ್ರ ತಿರುಗುತ್ತಿತ್ತು, ನಾನು ಅದರಲ್ಲಿ ಕೂತಿದ್ದೆ.

ಮನೆಯ ಮುಂದೆ ಖಾಲಿ ಕುರಿಹಟ್ಟಿ. ಬೀರಲಿಂಗೇಶನ ಅವ್ವ ತಿಪ್ಪೇರುದ್ರಮ್ಮ ಪೊಲೀಸರನ್ನು ನೋಡಿ ಹೆದರಲಿಲ್ಲ, ಜಗಳಕ್ಕೇ ಬಂದಳು.

"ಕಂಪ್ಲೇಂಟು ಕೊಟ್ಟಿಲ್ಲ, ಆದ್ರೂ ಬಂದ್ರಲ್ಲ! ನೋಡ್ರಿ ನನ್ ಮಗನ್ನ. ಶನಿವಾರದಿಂದ ಮೂಕ ಆಗ್ಯಾನ."

ಹುಡುಗ ಅಂದರೆ ಹುಡುಗನಲ್ಲ, ಮೀಸೆ ಬಲಿತ ಗಂಡಸು. ಹುಟ್ಟಿದಾಗಿನಿಂದ ಕೈಕಾಲು ಅವನ ಮಾತು ಕೇಳುವುದಿಲ್ಲ, ನಾಲಿಗೆಯೂ ಕೇಳುವುದಿಲ್ಲ. ಕಂಬಳಿ ಹಾಸಿದ ಹಗ್ಗದ ಹೊರಸಿನ ಮೇಲೆ ದಿಂಬುಗಳ ನಡುವೆ ಕೂರಿಸಿದ್ದರು. ಎದುರಿಗೆ ಕಬ್ಬಿಣದ ಸ್ಟ್ಯಾಂಡಿನಲ್ಲಿ ಒಂದು ಟ್ಯಾಬ್. ಟ್ಯಾಬಿಗೆ ಭಂಡಾರ. ಸ್ಟ್ಯಾಂಡಿಗೂ ಭಂಡಾರ. ಅವನ ಬಲ ಮೊಣಕಾಲ ಹತ್ತಿರ ಬಟನ್ ಕೂರಿಸುವ ಪಟ್ಟಿ ಖಾಲಿ ಇತ್ತು.

"ಯಾರು ಒಯ್ದ್ರು?"

"ನಾನು ಹೊಲಕ್ಕ ಹೋಗಿದ್ದೆ, ಇವರಪ್ಪ ಕುರಿ ಹಿಂದ. ಬಂದು ನೋಡಿದ್ರ ಬಟನ್ ಇಲ್ಲ. ಮೌನೇಶಪ್ಪ ರಿಪೇರಿಗೆ ಒಯ್ದನೇನೋ ಅಂತ ಫೋನ್ ಮಾಡಿದ್ರ ಅಂವ ಎತ್ತಲ್ಲ. ಇವನ್ನ ಕೇಳಿದ್ರ ಕಣ್ಣ ಮುಚ್ಚಿಬಿಡ್ತಾನ. ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಹಟಮಾರಿ!"

ನನ್ನ ಕೈಯಲ್ಲಿದ್ದ ಸೀಲ್ ಚೀಲದ ಮೇಲೆ ಅವನ ಕಣ್ಣು ನೆಟ್ಟಿತ್ತು. ಅದು ಅವನ ಬಾಯಿ. ನನ್ನ ಲೆಕ್ಕದಲ್ಲಿ ಅದು ಮುದ್ದೆಮಾಲು, ಕೋರ್ಟಿಗೆ ಹೋಗಬೇಕಾದ ವಸ್ತು. ಕಂಡಕಂಡಲ್ಲಿ ಬಿಚ್ಚಿದರೆ ನಾಳೆ ವಕೀಲರು ನನ್ನ ತೊಗಲು ಸುಲಿಯುತ್ತಾರೆ.

ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ನಿಲ್ಲಿಸಿದೆ. ಪಕ್ಕೀರಪ್ಪ ಮೊಬೈಲಲ್ಲಿ ವಿಡಿಯೋ ಹಿಡಿದ. ಸೀಲ್ ಒಡೆದು, ಬಟನ್ ಪಟ್ಟಿಯಲ್ಲಿ ಕೂರಿಸಿ, ಪಿನ್ನನ್ನು ಟ್ಯಾಬಿನ ಪಕ್ಕದ ಡಬ್ಬಿಗೆ ಸಿಗಿಸಿದೆ. ಅಳತೆ ಸರಿಯಾಗಿ ಕೂತಿತು.

ಪರದೆಯ ಮೇಲೆ ಅಕ್ಷರಗಳ ಸಾಲು ಬಂತು. ಒಂದು ಹಳದಿ ಚೌಕಟ್ಟು ತಾನಾಗಿ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಬೇಕಾದ ಸಾಲು ಬಂದಾಗ ಅವನು ಮೊಣಕಾಲು ಒತ್ತುತ್ತಾನೆ. ಆಗ ಚೌಕಟ್ಟು ಆ ಸಾಲಿನ ಅಕ್ಷರ ಅಕ್ಷರವಾಗಿ ನಡೆಯುತ್ತದೆ. ಬೇಕಾದದ್ದು ಬಂದಾಗ ಮತ್ತೆ ಒತ್ತುತ್ತಾನೆ. ಒಂದು ಮಾತಿಗೆ ನಾವು ಮೂವರು ಚಹಾ ಕುಡಿದು ಲೋಟ ಕೆಳಗಿಡಬಹುದು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಟ್ಯಾಬ್ ಮಾತಾಡಿತು. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬರುವಂಥ ಹೆಂಗಸಿನ ದನಿ.

"ಗಂಗಕ್ಕ ಹೆಂಗದಾಳ?"

ನಾನು ಪಕ್ಕೀರಪ್ಪನ ಮುಖ ನೋಡಿದೆ. ಅವನು ಮೊಬೈಲು ನೋಡಿದ.

ಇವನಿಗೆ ಗೊತ್ತೇ ಇಲ್ಲ. ಯಾರೂ ಹೇಳಿಲ್ಲ. ಕೇಳಲಿಕ್ಕೆ ಅವನಿಗೆ ಬಟನ್ ಇರಲಿಲ್ಲ.

"ಅಯ್ಯ, ದಿನಾ ಮಾತಾಡತಿದ್ರರಿ ಇಬ್ರೂ" ಅಂದಳು ತಿಪ್ಪೇರುದ್ರಮ್ಮ. "ಮೌನೇಶಪ್ಪ ಪರಿಚಯ ಮಾಡಿಸಿದ್ದ. ಆಯಮ್ಮಂದು ಪಿಸುಮಾತು, ಮಾರೆಮ್ಮ ಅಂತ ಒಬ್ಬಾಕಿ ಫೋನ್ ಬಾಯಿ ಹತ್ರ ಹಿಡೀತಿದ್ಲಂತ. ಇಂವ ಇದರಾಗ ಹೇಳಾಂವ. ಅಕ್ಕಾ ಅಕ್ಕಾ ಅಂತ ಜೀವ ಬಿಡ್ತಾನ."

ಸಾವಿನ ಸುದ್ದಿ ಹೇಳುವುದು ನನ್ನ ಕೆಲಸದಲ್ಲಿ ಹೊಸದಲ್ಲ. ಹೊರಸಿನ ಪಕ್ಕ ಕೂತು ಹೇಳಿದೆ. "ಗಂಗಕ್ಕ ಸ್ವಾಮಾರ ತೀರಿಕೊಂಡ್ಲಪ್ಪ. ಉಸಿರು ಕಟ್ಟಿತ್ತು. ಗಂಟಿ ಹೊಡೀಲಿಲ್ಲ ಅಂತಾರ. ಮಾರೆಮ್ಮನ್ನ ಹಿಡಕೊಂಡು ಹೋಗೀವಿ. ಈ ನಿನ್ನ ಬಟನ್ ಗಂಗಕ್ಕನ ಹಾಸಿಗ್ಯಾಗ ಸಿಕ್ಕೈತಿ. ಯಾರು ಒಯ್ದ್ರು ಅಂತ ನೀನು ಹೇಳಿದ್ರ ಮಾರೆಮ್ಮ ಉಳೀಬಹುದು."

ಹಳದಿ ಚೌಕಟ್ಟು ಮೇಲಿಂದ ಕೆಳಗೆ ಇಳಿಯಿತು. ಮತ್ತೆ ಮೇಲಿಂದ ಕೆಳಗೆ. ಅವನು ಒತ್ತಲಿಲ್ಲ. ಕಣ್ಣಿಂದ ನೀರು ಇಳಿದು ಮೀಸೆಗೆ ಬಂತು, ಅವ್ವ ಸೆರಗಿನಿಂದ ಒರೆಸಿದಳು. ಚೌಕಟ್ಟು ತನ್ನ ಪಾಡಿಗೆ ಇಳಿಯುತ್ತಲೇ ಇತ್ತು.

ಆಮೇಲೆ ಮೊಣಕಾಲು ಅಲುಗಿತು.

"ಮಾರೆಮ್ಮ ಒಯ್ದಳು."

ಮೈಕಿನ ದನಿಗೆ ಏರಿಳಿತವಿಲ್ಲ. ಹೊಸಪೇಟೆ ಬಸ್ಸು ಬಂತು ಅನ್ನುವ ಹಾಗೆ ಹೇಳಿತು. ಅವನು ಒತ್ತುತ್ತಲೇ ಹೋದ. ಬಿಸಿಲು ಹೊರಸಿನ ಕಾಲು ದಾಟಿ ಕಂಬಳಿಯ ಅಂಚಿಗೆ ಬಂತು.

"ಶನಿವಾರ. ಕದ್ದಿಲ್ಲ. ನಾನ ಕೊಟ್ಟೆ. ಗಂಗಕ್ಕನ ಬಟನ್‌ದಾಗ ಇಬೂತಿ ತುಂಬಿ ಒಮ್ಮೊಮ್ಮೆ ಸಿಕ್ಕೊಳ್ತಿತ್ತು. ಅತ್ತೀಗೆ ಹೇಳಿದ್ರ ನೊಂದ್ಕೊಳ್ತಾಳ ಅಂದ್ಲು ಅಕ್ಕ. ಅದು ತೊಳದು ಬರೋ ತನಕ ನಂದು ಇಟ್ಕೊ ಅಂದೆ. ಯಾರಿಗೂ ಹೇಳಬ್ಯಾಡ ಅಂದಿದ್ಲು."

ತಿಪ್ಪೇರುದ್ರಮ್ಮ ಹಣೆ ಬಡಿದುಕೊಂಡಳು. "ನಿನ್ನ ಬಾಯಿ ಕಿತ್ತು ಕೊಟ್ಟೇನಲೇ ಮಗನ!"

ನಾನು ಎದ್ದು ನಿಂತೆ. ಮಾರೆಮ್ಮನನ್ನು ಉಳಿಸಲಿಕ್ಕೆ ಅಂತ ಇಷ್ಟು ದೂರ ಬಂದು ನಾನೇ ಅವಳ ಕೊರಳಿಗೆ ಹಗ್ಗ ಹೊಸೆದಿದ್ದೆ. ಬಟನ್ ಬದಲಿಸಿದವಳು ಅವಳೇ. ಮೊದಲನೆಯದು ಕೈಕೊಡುತ್ತದೆ ಅಂತ ಅವಳಿಗೆ ಗೊತ್ತಿತ್ತು. ಇಷ್ಟನ್ನೂ ನಮ್ಮಿಂದ ಮುಚ್ಚಿಟ್ಟಿದ್ದಳು.

ಪಕ್ಕೀರಪ್ಪ ಮೊಬೈಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

ಬಟನ್ ಮತ್ತೆ ಒಯ್ಯಬೇಕಿತ್ತು. ಅದನ್ನು ಹೇಗೆ ಹೇಳುವುದೆಂದು ನಾನು ತಿಣುಕುತ್ತಿರುವಾಗ ಟ್ಯಾಬ್ ಇನ್ನೊಮ್ಮೆ ಮಾತಾಡಿತು.

"ಬಟನ್ ಒಯ್ಯಿರಿ. ಅಕಿನ್ನ ಬಿಡ್ರಿ."

ಪಿನ್ನು ಎಳೆದೆ. ಅವನು ಮೂಕನಾದ. ಮೌನೇಶನಿಂದ ಹೊಸದು ಮಾಡಿಸಿ ಕಳಿಸುತ್ತೇನೆ ಅಂದೆ, ಅವನು ನನ್ನನ್ನು ನೋಡಲಿಲ್ಲ. ಚೀಲಕ್ಕೆ ಅರಗು ಒತ್ತುವಾಗ ಬೆರಳು ಸುಟ್ಟಿತು. ಸುಟ್ಟಿದ್ದು ಗೊತ್ತಾಗಿದ್ದು ಜೀಪು ಹತ್ತಿದ ಮೇಲೆ.

* * *

ಠಾಣೆಯಲ್ಲಿ ಮಾರೆಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಮಧ್ಯಾಹ್ನದ ಅನ್ನ ಮುಟ್ಟಿರಲಿಲ್ಲ. ಬಾಗಿಲು ಹಾಕಿ ಎದುರಿಗೆ ಕೂತೆ.

"ಶನಿವಾರ ಹಲವಾಗಲಿಗೆ ಹೋಗಿದ್ದೇನು?"

ಅವಳು ನೆಲ ನೋಡಿದಳು. "ಬೀರ ಮಾತಾಡಿದನೇನ್ರಿ?" ಅಂದಳು.

"ಮಾತಾಡಿದ. ನಿನ್ನನ್ನ ಬಿಡ್ರಿ ಅಂದ."

"ಈಗ ಅವನ ಬಟನ್?"

"ನನ್ನ ಹತ್ರ ಐತಿ."

"ಅಯ್ಯ ಶಿವನ!" ಅಂದಳು ಮಾರೆಮ್ಮ. ಅವಳನ್ನು ಹಿಡಿದು ತಂದಾಗ ಕೂಡ ಅಷ್ಟು ಸಂಕಟದ ದನಿ ಬಂದಿರಲಿಲ್ಲ.

ನನಗೆ ರೇಗಿತು. "ಅವನ ಚಿಂತಿ ಆಮ್ಯಾಲ ಮಾಡು. ನನ್ನ ಮುಂದ ಸುಳ್ಳು ಹೇಳಿದ್ಯಲ್ಲ, ಯಾಕ?"

"ಸುಳ್ಳು ಹೇಳಿಲ್ರಿ. ಗಂಟಿ ಹೊಡೀಲಿಲ್ಲ ಅಂದೆ. ಹೊಡೀಲಿಲ್ಲ."

"ಶನಿವಾರ ತಂದ ಬಟನ್ ಯಾಕ ಹಚ್ಚಲಿಲ್ಲ?"

"ಸ್ವಾಮಾರ ಬಂತಲ್ರಿ. ಹೊಸಾದು ಇಟ್ರ ಅಮ್ಮಾರು ಅದಕ್ಕೂ ಕಲಸಿ ಹಚ್ಚೇ ಬಿಡ್ತಾರ, ಅದೂ ಕೆಡತೈತಿ. ಪೂಜಿ ಮುಗಿಸಿ ಹೋಗ್ಲಿ, ಆಮ್ಯಾಲ ಬದಲಿ ಮಾಡು ಅಂದ್ರು ಗಂಗಕ್ಕ. ಬೆಳಿಗ್ಗಿ ಅಮ್ಮಾರು ಹಚ್ಚಿ ಒತ್ತಿದ್ದು ನಂಗ ಅಡಿಗಿಮನ್ಯಾಗ ಕೇಳ್ತು. ಹೊಡೀತಲ್ಲ, ಇವತ್ತು ಸರಿ ಐತಿ ಅನ್ಕೊಂಡೆ. ಹೋಗಿ ನೋಡಿದ್ರ ಗಂಗಕ್ಕಗ ಜೊಂಪು ಹತ್ತಿತ್ತು. ಎಬ್ಬಿಸೋದು ಬ್ಯಾಡ, ಎದ್ದ ಮ್ಯಾಲ ಮಾಡಿದ್ರಾತು ಅಂತ ರೊಟ್ಟಿ ಬಡಿಯಾಕ ಕುಂತೆ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಊಟಕ್ಕ ಎಬ್ಬಸಾಣ ಅಂತ ಹೋದ್ನಿ. ಗದ್ದ ಬಟನ್ ಮ್ಯಾಲ ಇತ್ತರಿ. ಒತ್ತೇ ಇದ್ರು. ಜೀವ ಹೋದ ಮ್ಯಾಲೂ ಒತ್ತೇ ಇದ್ರು. ಗದ್ದದಾಗ ಬಟನ್‌ದು ಗುಂಡನ್ನ ಗುರುತು ಬಿದ್ದಿತ್ತು."

ಆ ಗುರುತು ನಾನೂ ನೋಡಿದ್ದೆ. ಮಲಗಿದ್ದಕ್ಕೆ ಬಿದ್ದಿದ್ದು ಅಂದುಕೊಂಡಿದ್ದೆ.

"ಆಗ ಬದಲಿ ಮಾಡಿದಿ?"

"ಹೂಂ."

"ಹುಚ್ಚಿ ಏನು ನೀನು? ಕೆಟ್ಟ ಬಟನ್ ಅಲ್ಲೇ ಬಿಟ್ಟಿದ್ರ ನಿನ್ನನ್ನ ಯಾರೂ ಮುಟ್ಟತಿರಲಿಲ್ಲ. ಒಳ್ಳೇದು ಇಟ್ಟು ನಿನ್ನ ಕೈಯಾರೆ ಬೇಡಿ ಹಾಕ್ಕೊಂಡಿಯಲ್ಲ!"

"ಅದು ಇಬೂತಿ ತುಂಬಿ ಬಿಳೇ ಆಗಿತ್ತರಿ. ಯಾರು ನೋಡಿದ್ರೂ ಗೊತ್ತಾಗತಿತ್ತು." ಅವಳು ಮೊದಲ ಸಲ ತಲೆ ಎತ್ತಿದಳು. "ಅಮ್ಮಾರಿಗೆ ಗೊತ್ತಾಗತಿತ್ತು. ತನ್ನ ಕೈಯಿಂದ ಸೊಸಿ ಹೋದ್ಲು ಅಂತ. ಆ ಮುದುಕಿ ಒಂದು ದಿನ ಉಳೀತಾರೇನ್ರಿ? ಗಂಗಕ್ಕ ಬದುಕಿದ್ದಾಗ ಅತ್ತಿಗೆ ಒಂದು ಮಾತು ತಾಕಗೊಡಲಿಲ್ಲ. ಸತ್ತ ಮ್ಯಾಲ ನಾನು ಹೆಂಗ ತಾಕಗೊಡ್ಲಿ?"

"ಅದಕ್ಕ ಜೈಲಿಗೆ ಹೋಗ್ತಿ?"

"ರೊಟ್ಟಿ ಬಡಿಯಾಕ ಕುಂತಾಕಿ ನಾನ ಅಲ್ರಿ? ಹೋಗ್ತೀನಿ."

ಇಬ್ಬರಿಗೂ ಸಂಬಂಧವಿಲ್ಲ. ಒಬ್ಬರು ಮಾಲೀಕರ ತಾಯಿ, ಇವಳು ಕೂಲಿಯವಳು. ಅಲ್ಲಿ ಕೂತು ಕೇಳುವ ನನಗೆ ಅಯ್ಯೋ ಅನ್ನಿಸಬೇಕಿತ್ತು. ಬಾಯಾರಿತ್ತು, ಅಷ್ಟೇ. ನೀರು ಕುಡಿದೆ.

"ಆ ಹಳೇದು ಎಲ್ಲೈತಿ?"

"ಗಾಲಿಕುರ್ಚಿ ಗಾದಿ ಕೆಳಗ."

ಬೆಳಿಗ್ಗೆ ಅದರ ಮೇಲೆ ಕೂತು ಚಹಾ ಕುಡಿದವಳು ನಾನು.

* * *

ಗುರುಸಂಗಪ್ಪನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವನ ಅಪ್ಪಣೆ ಕೇಳದೆ ಒಳಗೆ ನಡೆದೆ. ಎದುರುಮನೆಯ ಇಬ್ಬರನ್ನು ಪಂಚರಾಗಿ ಪಕ್ಕೀರಪ್ಪ ಕರೆತಂದ. ಕೊಟ್ರಬಸಮ್ಮ ಬೆಳಿಗ್ಗೆ ಕೂತಲ್ಲೇ ಕೂತಿದ್ದರು.

ಗಾದಿ ಎತ್ತಿದೆ. ಹಳೇ ಟವೆಲಿನಲ್ಲಿ ಸುತ್ತಿಟ್ಟ ಕೆಂಪು ಬಟನ್. ಕೆಂಪು ಅಂತ ಹೇಳಬೇಕು ಅಷ್ಟೇ, ಮೇಲೆಲ್ಲ ವಿಭೂತಿ ಹೆಪ್ಪುಗಟ್ಟಿತ್ತು.

"ಇದು ಗಂಗಾನ ಬಟನ್" ಅಂದರು ಮುದುಕಿ. "ಇಲ್ಯಾಕ ಬಂತು?"

ಒತ್ತಿದೆ. ಅಲುಗಲಿಲ್ಲ. ಹೆಬ್ಬೆರಳಿನ ಬಲವೆಲ್ಲ ಹಾಕಿ ಒತ್ತಿದೆ. ಕಲ್ಲು.

ಕೊಟ್ರಬಸಮ್ಮ ನನ್ನ ಕೈ ನೋಡಿದರು, ತಮ್ಮ ಮೂರು ಬೆರಳು ನೋಡಿಕೊಂಡರು. ಇಂಥದ್ದನ್ನು ಅರ್ಥ ಮಾಡಿಕೊಳ್ಳಲು ಯಾರಿಗೂ ಹೊತ್ತು ಹಿಡಿಯುವುದಿಲ್ಲ.

"ನನ್ನ ಇಬೂತಿಯಿಂದ ಆತೇನವ್ವಾ?" ದನಿ ಮಂಚ ದಾಟದ ಗಂಗಾಂಬಿಕಾಳ ದನಿಯಷ್ಟೇ ಆಗಿತ್ತು. "ನನ್ನ ಕೈಯಿಂದ ಹೋತೇನು ಕೂಸು?"

ಉತ್ತರ ಕೊಡುವ ಮೊದಲು ಕರವಸ್ತ್ರದ ತುದಿ ನೀರಲ್ಲಿ ಅದ್ದಿ, ಒಂದು ಅಂಚಿನಲ್ಲಿ ಮಾತ್ರ ಒರೆಸಿದೆ. ವಿಭೂತಿ ಬಿಳಿ ನೀರಾಗಿ ಬಂದುಬಿಟ್ಟಿತು. ಸಂದಿ ಕಾಣಿಸಬೇಕಿತ್ತು. ಸಂದಿಯೇ ಇರಲಿಲ್ಲ. ಬಟನ್ನಿಗೂ ಅದರ ಸುತ್ತಲಿನ ಬಳೆಗೂ ನಡುವೆ ಒಂದು ಹೊಳೆಯುವ ಗೆರೆ ತುಂಬಿ ಗಟ್ಟಿಯಾಗಿತ್ತು. ಹೊಲದಲ್ಲಿ ಪೈಪಿಗೆ ಪೈಪು ಜೋಡಿಸಿದ ಜಾಗದಲ್ಲಿ ಒಣಗಿ ನಿಲ್ಲುತ್ತದಲ್ಲ, ಅಂಥ ಗೆರೆ. ಮೂಗಿಗೆ ಹಿಡಿದೆ. ಬೆಳಿಗ್ಗೆಯಿಂದ ತಲೆನೋವು ತಂದ ಅದೇ ವಾಸನೆ.

"ಅಲ್ಲಮ್ಮಾ" ಅಂದೆ. "ನಿಮ್ಮ ಇಬೂತಿ ಅಲ್ಲ. ಇಬೂತಿ ನೀರಿಗೆ ಹೋಗತೈತಿ. ಇದು ಪೈಪಿನ ಸಲ್ಯೂಷನ್. ಯಾರೋ ಸಂದ್ಯಾಗ ಬಿಟ್ಟು, ಮ್ಯಾಲ ಮತ್ತ ಇಬೂತಿ ಸವರ್ಯಾರ. ಹೆಂಗೂ ಮ್ಯಾಲ ನಿಮ್ಮ ಇಬೂತಿ ಇರತೈತಿ, ಯಾರೂ ನೋಡಲ್ಲ ಅಂತ."

ಮುದುಕಿ ಉಸಿರು ಬಿಟ್ಟರು. ಕೈ ಜೋಡಿಸಿ ದೇವರ ಜಗಲಿಯ ಕಡೆ ತಿರುಗಿದರು. ಅವರ ಕೆನ್ನೆ ಒದ್ದೆಯಾಯಿತು.

ನಾನು ಮಂಚದ ಅಂಚಿಗೆ ಕೂತು ಹೇಳಿದೆ, ಒಂದೂ ಬಿಡದೆ. ಗಂಗಾಂಬಿಕಾ ಅವರಿಗೆ ಹೇಳದೆ ಇದ್ದದ್ದು. ಹಲವಾಗಲಿನ ಹುಡುಗ ತನ್ನ ಮಾತು ಬಿಚ್ಚಿ ಕೊಟ್ಟದ್ದು. ಮಾರೆಮ್ಮ ಈ ಬಟನ್ ಮುಚ್ಚಿಟ್ಟದ್ದು. "ನಿಮಗ ಗೊತ್ತಾಗಬಾರದು ಅಂತ ಅಕಿ ಜೈಲಿಗೆ ಹೋಗಾಕ ತಯಾರಾಗಿ ಕುಂತಾಳ. ಇವತ್ತು ಹೊತ್ತು ಮುಳುಗೋದ್ರಾಗ ನಾನು ಕರಕೊಂಡು ಹೋಗಬೇಕು."

"ಮಾರಿ?" ಕೊಟ್ರಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ನನ್ನ ಸಲುವಾಗಿ ಮಾರಿ?"

"ಹೌದು. ಈಗ ಅಕಿನ್ನ ಉಳಸಾದು ನಿಮ್ಮ ಕೈಯಾಗೈತಿ. ಸ್ವಾಮಾರ ಬೆಳಿಗ್ಗಿ ನೀವು ಒತ್ತಿದಾಗ ಗಂಟಿ ಹೊಡೀತು, ಮಾರೆಮ್ಮನೂ ಕೇಳ್ಯಾಳ. ಅಂದ್ರ ಆಮ್ಯಾಲನ ಯಾರೋ ಹಚ್ಚ್ಯಾರ. ಅಕಿ ರೊಟ್ಟಿ ಬಡಿಯಾಕತ್ತಿದ್ಲು. ನೀವು ದೇವರ ಜಗಲಿ ಮುಂದ ಕುಂತಿದ್ರಿ, ಅಲ್ಲಿಂದ ಈ ಬಾಗಿಲು ಕಾಣತೈತಿ. ನಿಮ್ಮ ಪೂಜಿ ಆದ ಮ್ಯಾಲ ಈ ಕೋಣ್ಯಾಗ ಯಾರು ಬಂದಿದ್ರು?"

"ಪೂಜಿ ಆದ ಮ್ಯಾಲ..." ಅಂದರು.

ಅವರಿಗೆ ನೆನಪಾಯಿತು. ನೆನಪಾದದ್ದನ್ನು ನಾನು ಅವರ ಮುಖದಲ್ಲಿ ಕಣ್ಣಾರೆ ಕಂಡೆ. ಬಾಯಿ ತೆರೆದು, ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದರು.

ತಿರುಗಿದೆ. ಬಾಗಿಲಲ್ಲಿ ಗುರುಸಂಗಪ್ಪ ನಿಂತಿದ್ದ. ಅವನ ಹಿಂದೆ, ಅಪ್ಪನ ಅಂಗಿಯ ತೋಳು ಹಿಡಿದು, ಶಿವಲೀಲಾ. ಮುದುಕಿ ನೋಡಿದ್ದು ಮಗನನ್ನೋ, ಮೊಮ್ಮಗಳನ್ನೋ, ನನಗೆ ತಿಳಿಯಲಿಲ್ಲ.

"ಅಮ್ಮಾ, ಯಾರು ಬಂದಿದ್ರು?"

ಅವರು ಸೆರಗು ಸರಿ ಮಾಡಿಕೊಂಡರು. ಕಣ್ಣು ಒರೆಸಿಕೊಂಡರು. ದನಿಯಲ್ಲಿ ಈಗ ನಡುಕವಿರಲಿಲ್ಲ.

"ಮಾರಿ ಬಂದಿದ್ಲು. ಅಕಿ ಒಬ್ಬಾಕಿನ ಬಂದಿದ್ದು. ಅಂಗಡಿಯಿಂದ ಅಂಟು ತಂದಿದ್ಲು, ನಾನ ನೋಡೀನಿ. ಬರಕೊ."

ಪಕ್ಕೀರಪ್ಪನ ಪೆನ್ನು ಕಾಗದದ ಮೇಲೆ ನಿಂತಿತ್ತು. ಈ ಸುಳ್ಳನ್ನು ಬರೆಯಲೋ ಬೇಡವೋ ಅಂತ ನನ್ನ ಮುಖ ನೋಡಿದ. ಮೂರು ದಿನದಿಂದ ಮರಗಟ್ಟಿದ್ದ ಎದೆ ಆಗ ಒಮ್ಮೆ ಹೊಡೆದುಕೊಂಡಿತು, ನೋವಾಯಿತು.

"ಬರಿ" ಅಂದೆ. "ನನ್ನ ಕೈಯಿಂದ ಹೋತೇನು ಅಂತ ಮೊದಲ ಕೇಳಿದ್ದೂ ಸೇರಿಸಿ, ಒಂದಕ್ಷರ ಬಿಡಬ್ಯಾಡ."